ಹಿಡಿದುಕೊಂಡ ಭುಜಕ್ಕೆ ಮನೆಯ ಸಾಮಾನು: ಪುಲ್ಲಿ, ಹಾಟ್ ಬ್ಯಾಗ್, ಟೆನ್ಸ್ ಮತ್ತು ಒಂದು ಉದ್ದ ಕೊಡೆ

ಚೀಟಿಯಲ್ಲಿ 'ಫ್ರೋಝನ್ ಶೋಲ್ಡರ್' ಎಂದು ಬರೆಸಿಕೊಂಡು ಹೊರಬಂದವರು ಮಂಗಳೂರಿನ ಕಂಕನಾಡಿಯಲ್ಲಾಗಲಿ ಮಣಿಪಾಲದಲ್ಲಾಗಲಿ ಮೊದಲು ನುಗ್ಗುವುದು ಆಸ್ಪತ್ರೆಯ ಆಸುಪಾಸಿನ ಸರ್ಜಿಕಲ್ ಅಂಗಡಿಗೆ. ಭುಜಕ್ಕೆಂದೇ ಅಲ್ಲಿ ಬಗೆಬಗೆಯ ಸಾಮಾನು ಉಂಟು: ಬಾಗಿಲಿಗೆ ಸಿಕ್ಕಿಸುವ ಪುಲ್ಲಿ, ರಬ್ಬರಿನ ಹಾಟ್ ಬ್ಯಾಗ್, ಕರೆಂಟಿನ ಹೀಟಿಂಗ್ ಪ್ಯಾಡ್, ಜೆಲ್ ಪ್ಯಾಕ್, ನೋವು ತಗ್ಗಿಸಲು ಚರ್ಮದ ಮೇಲೆ ಸಣ್ಣ ಕರೆಂಟು ಹಾಯಿಸುವ ಟೆನ್ಸ್ ಮೆಷಿನ್, ಬಣ್ಣದ ರಬ್ಬರ್ ಪಟ್ಟಿ, ಭುಜದ ಬೆಲ್ಟ್, ಮಸಾಜ್ ಗನ್. ಎಲ್ಲವನ್ನೂ ಕೊಂಡರೆ ಸಾವಿರಗಟ್ಟಲೆ ರೂಪಾಯಿ ಸಲೀಸಾಗಿ ಕರಗುತ್ತದೆ. ಇಲ್ಲಿ ಒಂದೊಂದನ್ನೂ ತೂಗಿದ್ದು ಎರಡೇ ಪ್ರಶ್ನೆಯಿಂದ. ಭುಜ ಬಿಡಿಸುವ ವ್ಯಾಯಾಮದ ಅರ್ಧ ಗಂಟೆಯ ನೋವನ್ನು ಇದು ತಡೆದುಕೊಳ್ಳುವಷ್ಟಕ್ಕೆ ಇಳಿಸುತ್ತದೆಯೇ? ಆ ನೋವು ರಾತ್ರಿಗೆ ಉಳಿಯದಂತೆ ನೋಡಿಕೊಳ್ಳುತ್ತದೆಯೇ? ಹೀಗೆ ನೋಡಿದರೆ ಹೆಚ್ಚಿನವರಿಗೆ ಒಂದು ಪುಲ್ಲಿ, ಒಂದು ಹಾಟ್ ಬ್ಯಾಗ್ ಸಾಕು. ಎರಡೂ ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಟೆನ್ಸ್ ಕೆಲವರಿಗೆ ಮಾತ್ರ. ಉಳಿದದ್ದರಲ್ಲಿ ಹೆಚ್ಚಿನದು ಬೇಡ.

ಕಾಯಿಲೆಯ ಹಂತ ತಿಳಿಯದೆ ಸಾಮಾನು ಆರಿಸಲಿಕ್ಕೆ ಆಗುವುದಿಲ್ಲ, ಆದ್ದರಿಂದ ಅದರ ಮಾತು ಮೊದಲು. ಭುಜದ ಕೀಲನ್ನು ಸುತ್ತಿಕೊಂಡಿರುವ ಪೊರೆ ಉರಿಯೂತ ಬಂದು, ದಪ್ಪವಾಗಿ, ಮುದುಡಿಕೊಳ್ಳುವುದೇ ಈ ತೊಂದರೆ. ಅಮೆರಿಕದ ಶಸ್ತ್ರವೈದ್ಯ ಕಾಡ್‌ಮನ್ 1934ರಲ್ಲಿ ಇದಕ್ಕೆ ಫ್ರೋಝನ್ ಶೋಲ್ಡರ್ ಎಂದು ಹೆಸರಿಟ್ಟರು. 40ರಿಂದ 60 ವಯಸ್ಸಿನೊಳಗೆ ಹೆಚ್ಚು, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇದ್ದವರಲ್ಲಿ ಇನ್ನೂ ಹೆಚ್ಚು. ಮೊದಲನೆಯದು ನೋವಿನ ಹಂತ: ರಾತ್ರಿ ಆ ಮಗ್ಗುಲಿಗೆ ಮಲಗಲಿಕ್ಕೆ ಆಗದು, ಕೈ ಫಕ್ಕನೆ ಎಳೆದರೆ ಜೀವ ಹೋದಂತಾಗುತ್ತದೆ. ಎರಡನೆಯದು ಬಿಗಿತದ ಹಂತ: ನೋವು ಕಡಿಮೆ, ಆದರೆ ಕೈ ಒಂದು ಮಿತಿಗೆ ಬಂದು ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ. ಮೂರನೆಯದು ಸಡಿಲವಾಗುವ ಹಂತ. ಒಟ್ಟು ಒಂದರಿಂದ ಮೂರು ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು.

'ಅತ್ತರೂ ಬಿಡಬಾರದು, ಎಳೆದೇ ಬಿಡಿಸಬೇಕು' ಎಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಓಡಾಡುತ್ತಿದೆ. ನೋವಿನ ಹಂತದಲ್ಲಿ ಇದು ಹಾನಿಯ ಮಾತು. 2004ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದರಲ್ಲಿ 77 ಮಂದಿಯನ್ನು ಎರಡು ವರ್ಷ ಗಮನಿಸಿದ್ದರು. ನೋವಿನ ಮಿತಿಯೊಳಗೆ ಮಾತ್ರ ಕೈ ಆಡಿಸಿದವರಲ್ಲಿ ಶೇ. 89 ಮಂದಿಗೆ ಭುಜ ಹೆಚ್ಚುಕಡಿಮೆ ಮೊದಲಿನಂತಾಯಿತು. ನೋವು ಮೀರಿ ಎಳೆಸಿಕೊಂಡವರಲ್ಲಿ ಆ ಪ್ರಮಾಣ ಶೇ. 63. ಉರಿಯುತ್ತಿರುವ ಪೊರೆಯನ್ನು ಎಳೆದಷ್ಟೂ ಅದು ಇನ್ನಷ್ಟು ಕೆರಳುತ್ತದೆ. ಎರಡನೆಯ ಹಂತದಲ್ಲಿ ಎಳೆತ ಬೇಕು, ಅದಕ್ಕೆ ನೋವೂ ಆಗುತ್ತದೆ. ಆದರೆ ಅಲ್ಲಿಯೂ ಅಳತೆ ಉಂಟು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟರೆ, ಎಳೆಯುವಾಗ ನಾಲ್ಕೈದು ದಾಟಬಾರದು. ಮುಗಿಸಿ ಒಂದು ಗಂಟೆಯೊಳಗೆ ಅದು ತಗ್ಗಬೇಕು. ಮರುದಿನ ಬೆಳಗ್ಗೆ ಭುಜ ಹಿಂದಿನ ಬೆಳಗ್ಗಿಗಿಂತ ಕೆಟ್ಟಿರಬಾರದು. ಕೆಟ್ಟಿದ್ದರೆ ವ್ಯಾಯಾಮ ನಿಲ್ಲಿಸುವುದು ಬೇಡ, ಸಂಖ್ಯೆಯನ್ನೂ ಎಳೆತವನ್ನೂ ಅರ್ಧಕ್ಕೆ ಇಳಿಸಬೇಕು.

ಇನ್ನು ಪುಲ್ಲಿ. ಒಂದು ಹಗ್ಗ, ಎರಡು ಹಿಡಿ, ಒಂದು ಗಾಲಿ, ಬಾಗಿಲ ಮೇಲಿಂದ ಹಾಯಿಸುವ ಒಂದು ಪಟ್ಟಿ, ಇಷ್ಟೇ. ಬೆಲೆ ಸುಮಾರು ಮುನ್ನೂರರಿಂದ ಆರುನೂರು ರೂಪಾಯಿ. ಹಿಡಿದ ಕೈಯನ್ನು ಅದರ ಸ್ವಂತ ಸ್ನಾಯುವಿಗೆ ಕೆಲಸ ಕೊಡದೆ ಮೇಲೆತ್ತುವುದು ಇದರ ಕೆಲಸ. ಒಳ್ಳೆಯ ಕೈ ಕೆಳಗೆ ಎಳೆಯುತ್ತದೆ, ನೋವಿನ ಕೈ ಸುಮ್ಮನೆ ಮೇಲೇರುತ್ತದೆ. ಎಷ್ಟು ಏರಬೇಕು, ಎಲ್ಲಿ ನಿಲ್ಲಬೇಕು ಎಂಬುದು ಪೂರ್ತಿ ನಿಮ್ಮದೇ ಹತೋಟಿಯಲ್ಲಿ ಇರುವುದೇ ಇದರ ದೊಡ್ಡ ಗುಣ. ಬೇರೆಯವರು ಕೈ ಎತ್ತುವಾಗ ಹೆದರಿಕೆಗೆ ಸ್ನಾಯು ಬಿಗಿಯುತ್ತದೆ, ಬಿಗಿದ ಸ್ನಾಯುವನ್ನು ಎಳೆದರೆ ನೋವು ಇಮ್ಮಡಿಯಾಗುತ್ತದೆ. ಪುಲ್ಲಿಯಲ್ಲಿ ಆ ಹೆದರಿಕೆ ಇಲ್ಲ. ಮನೆಯಲ್ಲಿ ಬಾವಿ ಉಂಟು, ದಿನಾ ನೀರು ಸೇದಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ನೀರು ಸೇದುವಾಗ ಎರಡೂ ಕೈ ಭಾರ ಹೊತ್ತು ಕೆಳಗೆ ಎಳೆಯುತ್ತವೆ. ಇಲ್ಲಿ ಬೇಕಾದದ್ದು ನೋವಿನ ಕೈ ಭಾರವಿಲ್ಲದೆ ಮೇಲೇರುವುದು. ಭುಜ ಹಿಡಿದಿರುವಾಗ ತುಂಬಿದ ಕೊಡಪಾನ ಸೇದುವುದನ್ನು ಬಿಡುವುದೇ ಒಳ್ಳೆಯದು.

ಕೊಳ್ಳುವಾಗ ಗಾಲಿಯನ್ನು ಬೆರಳಲ್ಲಿ ತಿರುಗಿಸಿ ನೋಡಿ. ತಗಡಿನ ಗಾಲಿ ಕರಾವಳಿಯ ಗಾಳಿಗೆ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿದು ಕಿರುಗುಟ್ಟುತ್ತದೆ, ಹಗ್ಗ ತಡೆತಡೆದು ಓಡುತ್ತದೆ. ಆ ತಡೆಯೇ ಭುಜಕ್ಕೆ ಜಗ್ಗಿನಂತೆ ಬಡಿಯುವುದು. ಗಟ್ಟಿ ಪ್ಲಾಸ್ಟಿಕ್ ಅಥವಾ ನೈಲಾನ್ ಗಾಲಿ ನಮ್ಮ ಹವೆಗೆ ವಾಸಿ. ಹಿಡಿಯೊಳಗೆ ಹಗ್ಗದ ಗಂಟು ಸಣ್ಣದಿದ್ದರೆ ಜಾರಿ ಹೊರಬರುತ್ತದೆ. ಮನೆಗೆ ತಂದ ಕೂಡಲೇ ಗಂಟನ್ನು ಇಮ್ಮಡಿ ಮಾಡಿ, ನೈಲಾನ್ ತುದಿಯನ್ನು ಬೆಂಕಿಗೆ ತೋರಿಸಿ ಕರಗಿಸಿಬಿಡಿ.

ಸಿಕ್ಕಿಸುವುದರಲ್ಲಿ ಜನ ಎಡವುವುದು ಹೆಚ್ಚು. ನೀವು ಎಳೆದಾಗ ಬಾಗಿಲು ಚೌಕಟ್ಟಿಗೆ ಇನ್ನಷ್ಟು ಒತ್ತಿಕೊಳ್ಳುವ ಕಡೆಯಲ್ಲೇ ಕುರ್ಚಿ ಹಾಕಬೇಕು. ಎಳೆದಾಗ ಬಾಗಿಲು ತೆರೆದುಕೊಳ್ಳುವ ಕಡೆ ಕೂತರೆ ಚಿಲಕ ಕಳಚಿದ ಕ್ಷಣ ಎಲ್ಲವೂ ಮೈಮೇಲೆ ಬರುತ್ತದೆ. ಚಿಲಕ ಹಾಕಿಯೇ ಕೂರಬೇಕು, ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಲೇಬಾರದು. ಬಚ್ಚಲುಕೋಣೆಯ ಪಿವಿಸಿ ಬಾಗಿಲಿಗೆ ಬೇಡ, ಮೇಲಂಚು ಬಾಗುತ್ತದೆ. ಹಳೆಯ ಹಂಚಿನ ಮನೆಗಳ ಮರದ ಬಾಗಿಲು ಆಷಾಢದಲ್ಲಿ ಉಬ್ಬಿಕೊಂಡು ಪಟ್ಟಿ ತೂರಿಸಲು ಸಂದೇ ಉಳಿಯುವುದಿಲ್ಲ. ಅಂಥ ಮನೆಯಲ್ಲಿ ಮಾಡಿನ ಪಕ್ಕಾಸಿಗೆ (ಮರದ ತೊಲೆಗೆ) ಅಥವಾ ಸ್ಲ್ಯಾಬಿನ ಗಟ್ಟಿ ಕೊಕ್ಕೆಗೆ ನೇತು ಹಾಕುವ ನಮೂನೆಯನ್ನೇ ಕೇಳಿ ತನ್ನಿ.

ಹಗ್ಗದ ಉದ್ದ ಹೀಗಿರಲಿ: ನೋವಿನ ಕೈ ತೊಡೆಯ ಮೇಲಿರುವಾಗ ಒಳ್ಳೆಯ ಕೈ ತಲೆಯ ಮೇಲೆ ಚಾಚಿರಬೇಕು, ಹಗ್ಗ ಸಡಿಲ ಬೀಳಬಾರದು. ಮೊದಲ ವಾರಗಳಲ್ಲಿ ಬಾಗಿಲಿಗೆ ಮುಖ ಮಾಡಿ ಕೂರಿ, ಕೈ ಮುಂದಿನಿಂದ ಏರಿ ಕಡಿಮೆ ಎತ್ತರದಲ್ಲೇ ನಿಲ್ಲುತ್ತದೆ. ಅದು ಸಲೀಸಾದ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂರಿ, ಆಗ ಕೈ ತಲೆಯ ಮೇಲಿನವರೆಗೂ ಹೋಗುತ್ತದೆ. ನಿಧಾನ ಎತ್ತಿ, ಎಳೆತ ಸಿಕ್ಕಿದಲ್ಲಿ ಐದರಿಂದ ಹತ್ತು ಸೆಕೆಂಡು ನಿಲ್ಲಿಸಿ, ಉಸಿರು ಬಿಡುತ್ತಾ ಇಳಿಸಿ. ಹತ್ತು ಸಲ ಮಾಡಿ, ಒಂದು ನಿಮಿಷ ವಿರಾಮ ಕೊಟ್ಟು ಮತ್ತೆ ಹತ್ತು ಸಲ. ಇಲ್ಲಿ ಒಂದು ಕಳ್ಳ ದಾರಿ ಉಂಟು: ಕೀಲು ಬಿಗಿದಾಗ ದೇಹ ತಾನಾಗಿ ಹೆಗಲನ್ನು ಕಿವಿಯ ಕಡೆ ಎತ್ತುತ್ತದೆ, ಸೊಂಟವನ್ನು ಓರೆ ಮಾಡುತ್ತದೆ. ಕೈ ಮೇಲೆ ಹೋದಂತೆ ಕಾಣುತ್ತದೆ, ಕೀಲು ಮಾತ್ರ ಇದ್ದಲ್ಲೇ. ಸಂಜೆಗೆ ಕುತ್ತಿಗೆ ನೋವು ಬಂದರೆ ಕಾರಣ ಇದೇ. ಎದುರಿಗೆ ಒಂದು ಕನ್ನಡಿ ಇಟ್ಟುಕೊಂಡರೆ ತಿದ್ದಿಕೊಳ್ಳಬಹುದು.

ಪುಲ್ಲಿಯ ಕೊರತೆಯನ್ನು ಅಂಗಡಿಯವರು ಹೇಳುವುದಿಲ್ಲ. ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಳೆದುಹೋಗುವುದು ಕೈಯನ್ನು ಹೊರಗೆ ತಿರುಗಿಸುವ ಚಲನೆ. ಮೊಣಕೈ ಪಕ್ಕೆಗೆ ತಾಗಿಸಿಟ್ಟು ಮುಂಗೈಯನ್ನು ಹೊರಮಗ್ಗುಲಿಗೆ ಒಯ್ಯುವ ಚಲನೆ ಅದು. ತಲೆ ಬಾಚುವುದು, ಕಾರಿನ ಹಿಂದಿನ ಸೀಟಿನಿಂದ ಚೀಲ ತೆಗೆಯುವುದು, ಎಲ್ಲವೂ ಕೈಕೊಡುವುದು ಇದರಿಂದಲೇ. ಪುಲ್ಲಿ ಇದನ್ನು ಮುಟ್ಟುವುದೇ ಇಲ್ಲ. ಇದಕ್ಕೆ ಬೇಕಾದ ಕೋಲನ್ನು 'ಶೋಲ್ಡರ್ ವಾಂಡ್' ಎಂದು ಹೆಸರಿಟ್ಟು ಮಾರುತ್ತಾರೆ. ಕೊಳ್ಳಬೇಡಿ. ಡೊಂಕು ಹಿಡಿಯ ಉದ್ದ ಕೊಡೆ ನಮ್ಮಲ್ಲಿ ಯಾವ ಮನೆಯಲ್ಲಿ ಇಲ್ಲ? ಅದು ಈ ಕೆಲಸಕ್ಕೆ ಧಾರಾಳ. ಅಂಗಾತ ಮಲಗಿ, ನೋವಿನ ಕಡೆಯ ಮೊಣಕೈ ಕೆಳಗೆ ಮಡಚಿದ ಬೈರಾಸು (ಟವೆಲ್) ಇಟ್ಟು, ಮೊಣಕೈಯನ್ನು 90 ಡಿಗ್ರಿಗೆ ಬಗ್ಗಿಸಿ. ಕೊಡೆಯ ಡೊಂಕು ಹಿಡಿಯನ್ನು ನೋವಿನ ಕೈಯಲ್ಲೂ ತುದಿಯನ್ನು ಇನ್ನೊಂದು ಕೈಯಲ್ಲೂ ಹಿಡಿದು, ಒಳ್ಳೆಯ ಕೈಯಿಂದ ಮೆಲ್ಲಗೆ ಹೊರಕ್ಕೆ ದೂಡಿ. 15 ಸೆಕೆಂಡು ನಿಲ್ಲಿಸಿ, ಐದರಿಂದ ಹತ್ತು ಸಲ. ಮೊಣಕೈ ಪಕ್ಕೆ ಬಿಟ್ಟು ಸರಿದರೆ ಅದು ಲೆಕ್ಕಕ್ಕಿಲ್ಲ. ಬೈರಾಸು ಇಡದಿದ್ದರೆ ಮೊಣಕೈ ಹಾಸಿಗೆಗೆ ಕುಸಿದು ಕೀಲಿನ ಮುಂಭಾಗ ಚುಚ್ಚುತ್ತದೆ. ಬೆನ್ನ ಹಿಂದೆ ಬೈರಾಸು ಹಿಡಿದು ಮೈ ಉಜ್ಜುವಂತೆ ಎಳೆಯುವ ವ್ಯಾಯಾಮವನ್ನು ಮಾತ್ರ ನೋವಿನ ಹಂತದಲ್ಲಿ ಮುಟ್ಟಬೇಡಿ, ಭುಜವನ್ನು ಕೆರಳಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ.

ಶಾಖದ ಸಾಮಾನುಗಳಲ್ಲಿ ನಮ್ಮ ಆಯ್ಕೆ ಹಳೆಯ ರಬ್ಬರಿನ ಹಾಟ್ ಬ್ಯಾಗ್. ಬೆಲೆ ಇನ್ನೂರು–ನಾನೂರರ ಆಸುಪಾಸು. ಶಾಖದಿಂದ ಪೊರೆ ಕರಗಿಹೋಗುವುದಿಲ್ಲ, ಅಷ್ಟು ಆಳಕ್ಕೆ ಅದು ಇಳಿಯುವುದೂ ಇಲ್ಲ. ಆದರೆ ಮೇಲಿನ ಸ್ನಾಯು ಸಡಿಲವಾಗುತ್ತದೆ, ನೋವಿನ ಮಿತಿ ಮೇಲಕ್ಕೆ ಸರಿಯುತ್ತದೆ, ಎಳೆತ ಶುರು ಮಾಡುವ ಧೈರ್ಯ ಬರುತ್ತದೆ. ಚೀಲವನ್ನು ಮೂರರಲ್ಲಿ ಎರಡು ಪಾಲು ತುಂಬಿಸಿ, ಒತ್ತಿ ಗಾಳಿ ಹೊರಹಾಕಿ, ಆಮೇಲೆ ಬಿರಡೆ ತಿರುಗಿಸಿ. ಗಾಳಿ ಉಳಿದರೆ ಚೀಲ ಉಬ್ಬಿಕೊಂಡು ಭುಜದ ದುಂಡಿಗೆ ಹೊಂದದೆ ಜಾರುತ್ತದೆ. ಕುದಿಯುವ ನೀರು ಹಾಕಬೇಡಿ, ರಬ್ಬರಿಗೂ ಕೇಡು, ಚರ್ಮಕ್ಕೂ ಕೇಡು. ಒಲೆಯಿಂದ ಇಳಿಸಿ ಕೆಲವು ನಿಮಿಷ ಆರಿಸಿದ ನೀರು ಸಾಕು. ದಪ್ಪ ಟವೆಲ್ ಸುತ್ತಿ, 15–20 ನಿಮಿಷ. ಚೀಲದ ಮೇಲೆ ಒರಗಿ ಮಲಗಬಾರದು: ಒತ್ತಿದಲ್ಲಿ ರಕ್ತ ಓಡುವುದಿಲ್ಲ, ಬಿಸಿ ಒಂದೇ ಕಡೆ ಕೂತು ಸುಡುತ್ತದೆ. ದಿನಕ್ಕೆ ನಾಲ್ಕಾರು ಸಲ, ತಿಂಗಳುಗಟ್ಟಲೆ ಇಟ್ಟುಕೊಂಡವರ ಚರ್ಮದಲ್ಲಿ ಕಂದು ಬಲೆಯಂತೆ ಗುರುತು ಮೂಡುವುದುಂಟು. ಶಾಖ ಅತಿಯಾಯಿತೆಂದು ಅದರ ಅರ್ಥ.

ಕರಾವಳಿಯಲ್ಲಿ ಹಾಟ್ ಬ್ಯಾಗ್ ಬೇಗ ಹಾಳಾಗುವುದಕ್ಕೆ ದೊಡ್ಡ ಕಾರಣ ಎಣ್ಣೆ. ತೆಂಗಿನೆಣ್ಣೆಯೋ ತೈಲವೋ ಹಚ್ಚಿ ಅದರ ಮೇಲೆಯೇ ಚೀಲ ಇಡುತ್ತಾರೆ. ಎಣ್ಣೆ ಹೀರಿದ ರಬ್ಬರು ಉಬ್ಬಿ, ಮೆತ್ತಗಾಗಿ, ಹೊಲಿಗೆಯ ಕಡೆ ಬಿಡುತ್ತದೆ. ಅದಕ್ಕಿಂತ ಅಪಾಯದ್ದು ನೋವಿನ ಮುಲಾಮು ಹಚ್ಚಿ ಶಾಖ ಕೊಡುವುದು, ಎರಡೂ ಸೇರಿ ಚರ್ಮದಲ್ಲಿ ಬೊಬ್ಬೆ ಎಬ್ಬಿಸುತ್ತವೆ. ಮುಲಾಮು ಹಚ್ಚಿದ್ದರೆ ಸೋಪು ಹಾಕಿ ತೊಳೆದು, ಒರೆಸಿ, ಆಮೇಲೆ ಚೀಲ. ಬಳಸಿದ ನಂತರ ನೀರು ಪೂರ್ತಿ ಬಗ್ಗಿಸಿ, ಬಾಯಿ ಕೆಳಗೆ ಮಾಡಿ ನೇತು ಹಾಕಿ, ಬಿಸಿಲಿಗೆ ಬೇಡ. ಮಡಚಿದಾಗ ಗೀರು ಗೀರಾಗಿ ಬಿರುಕು ಕಂಡರೆ ಆ ದಿನವೇ ಎಸೆಯಿರಿ. ಸಕ್ಕರೆ ಕಾಯಿಲೆಯವರು ಭುಜದ ಚರ್ಮಕ್ಕೆ ಬಿಸಿ–ತಣ್ಣಗಿನ ವ್ಯತ್ಯಾಸ ಗೊತ್ತಾಗುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕು, ಗೊತ್ತಾಗದಿದ್ದರೆ ಶಾಖವೇ ಬೇಡ.

ಕರೆಂಟಿನ ಹೀಟಿಂಗ್ ಪ್ಯಾಡ್ ಅನುಕೂಲದ್ದು, ಬಿಸಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆದರೆ ಗಾಳಿಮಳೆಯ ಸಂಜೆ ಕರೆಂಟು ಹೋದರೆ ಅದು ಬರೀ ಬಟ್ಟೆ. ತಾನಾಗಿ ಆಫ್ ಆಗುವ ವ್ಯವಸ್ಥೆ ಇಲ್ಲದ್ದನ್ನು ಕೊಳ್ಳಲೇಬೇಡಿ, ನಿದ್ದೆ ಬಂದಾಗ ಅದೊಂದೇ ರಕ್ಷಣೆ. ಜೆಲ್ ಪ್ಯಾಕ್ ಬಿಸಿಗಿಂತ ತಂಪಿಗೆ ವಾಸಿ: ವ್ಯಾಯಾಮದ ನಂತರ ಭುಜ ಮಿಡಿಯುತ್ತಿದ್ದರೆ ಬಟ್ಟೆ ಸುತ್ತಿ ಹತ್ತು ನಿಮಿಷ.

ಟೆನ್ಸ್ ಮೆಷಿನ್ ಬಗ್ಗೆ ನಿರೀಕ್ಷೆ ಬಲು ದೊಡ್ಡದು, ಆದ್ದರಿಂದ ನಿರಾಶೆಯೂ. ಕ್ಲಿನಿಕ್ಕಿನಲ್ಲಿ 'ಕರೆಂಟ್ ಇಡುವುದು' ಎನ್ನುತ್ತೇವಲ್ಲ, ಅದರ ಕೈಹಿಡಿತದ ರೂಪ. ಎರಡು ಚಾನೆಲ್ (ಕರೆಂಟಿನ ಎರಡು ಬೇರೆ ಬೇರೆ ದಾರಿ), ನಾಲ್ಕು ಪ್ಯಾಡಿನ ಸಾಧಾರಣ ಮೆಷಿನ್ ಒಂದೂವರೆಯಿಂದ ಮೂರೂವರೆ ಸಾವಿರಕ್ಕೆ ಸಿಗುತ್ತದೆ. ನೋವಿನ ಸಂಶೋಧಕರಾದ ಮೆಲ್ಝಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ಗೇಟ್ ಸಿದ್ಧಾಂತ ಇದರ ಹಿಂದಿದೆ. ಸ್ಪರ್ಶದ ನರಗಳಿಗೆ ಕೆಲಸ ಕೊಟ್ಟರೆ ನೋವಿನ ಸಂದೇಶ ಬೆನ್ನುಹುರಿಯಲ್ಲೇ ಸ್ವಲ್ಪ ತಡೆಯಲ್ಪಡುತ್ತದೆ. ಓಡುತ್ತಿರುವಾಗ ಮತ್ತು ನಿಲ್ಲಿಸಿದ ಮೇಲೆ ಕೊಂಚ ಹೊತ್ತು ಆರಾಮ, ಅಷ್ಟೇ. ಬಿಗಿತ ಇದರಿಂದ ಬಿಡುವುದಿಲ್ಲ. ಶಾಖ ಕೊಟ್ಟ ಮೇಲೂ ವ್ಯಾಯಾಮ ಶುರುಮಾಡಲಾಗದಷ್ಟು ನೋವಿದ್ದವರಿಗೆ, ರಾತ್ರಿ ಮಲಗುವ ಮೊದಲು ಸೆಳೆತ ಹೆಚ್ಚುವವರಿಗೆ ಇದು ನಿಜವಾಗಿ ಸಹಾಯ ಮಾಡುತ್ತದೆ. ಬಾಡಿಗೆಗೆ ಸಿಕ್ಕಿದರೆ ಎರಡು ವಾರ ನೋಡಿ ಕೊಳ್ಳುವುದು ಜಾಣತನ.

ಒಂದು ಚಾನೆಲಿನ ಎರಡು ಪ್ಯಾಡು ಭುಜದ ಮುಂದೆ ಒಂದು, ಹಿಂದೆ ಒಂದು. ಇನ್ನೊಂದು ಚಾನೆಲಿನದು ತೋಳಿನ ಹೊರಮಗ್ಗುಲಲ್ಲಿ ಒಂದು, ಹೆಗಲಿನ ಹಿಂಬದಿಯ ಮಾಂಸದ ಮೇಲೆ ಒಂದು. ಪ್ಯಾಡುಗಳ ನಡುವೆ ಎರಡು ಬೆರಳಿನಷ್ಟಾದರೂ ಜಾಗ ಇರಲಿ. ಮೆಷಿನ್‌ನಲ್ಲಿ 80ರಿಂದ 100 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಮಿಡಿತ), ಪಲ್ಸ್ ಅಗಲ (ಒಂದೊಂದು ಮಿಡಿತದ ಅವಧಿ) ಸುಮಾರು 100 ಮೈಕ್ರೋಸೆಕೆಂಡ್ ಇಡಿ. ಗಟ್ಟಿಯಾಗಿ ಜುಮ್ಮೆನ್ನಬೇಕು, ಆದರೆ ಸ್ನಾಯು ಕುಣಿಯಬಾರದು. ಹತ್ತು ನಿಮಿಷದಲ್ಲಿ ಮೈ ಅದಕ್ಕೆ ಒಗ್ಗಿ ಜುಮ್ಮು ಕಡಿಮೆ ಅನಿಸುತ್ತದೆ, ಆಗ ಒಂದು ಮೆಟ್ಟಿಲು ಏರಿಸಿ. ಅರ್ಧ ಗಂಟೆ ಸಾಕು. ಇಎಂಎಸ್ ಎಂಬ ಗುಂಡಿಯೂ ಇರುವ ಮೆಷಿನ್ ಆದರೆ ಅದನ್ನು ಒತ್ತಬೇಡಿ: ಅದು ಸ್ನಾಯುವನ್ನು ಕುಗ್ಗಿಸುವ ಕರೆಂಟು, ನೋವಿನ ಭುಜಕ್ಕೆ ತಕ್ಕದ್ದಲ್ಲ. ಪೇಸ್‌ಮೇಕರ್ ಇರುವವರಿಗೆ ಟೆನ್ಸ್ ಬೇಡ. ಕತ್ತಿನ ಮುಂಭಾಗಕ್ಕೆ, ಎದೆಯ ಅಡ್ಡಕ್ಕೆ, ಗಾಯದ ಮೇಲೆ ಯಾರಿಗೂ ಬೇಡ. ಮೂರ್ಛೆರೋಗ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಬೇಕು.

ಮೆಷಿನ್‌ಗಿಂತ ಮೊದಲು ಕೈಕೊಡುವುದು ಅಂಟುವ ಪ್ಯಾಡುಗಳು. ನಮ್ಮ ಬೆವರಿಗೆ, ಎಣ್ಣೆ ಹಚ್ಚಿದ ಚರ್ಮಕ್ಕೆ ಅಂಟು ಬಲುಬೇಗ ಹೋಗುತ್ತದೆ. ಅಂಚು ಎದ್ದ ಪ್ಯಾಡಿನಲ್ಲಿ ಕರೆಂಟೆಲ್ಲ ಉಳಿದ ಸಣ್ಣ ಜಾಗದಿಂದಲೇ ಹರಿದು ಚುಚ್ಚುತ್ತದೆ, ಮೆಷಿನ್ ಕೆಟ್ಟಿತು ಎಂದು ಜನ ಅದನ್ನು ಕಪಾಟಿಗೆ ಸೇರಿಸುತ್ತಾರೆ. ಚರ್ಮವನ್ನು ಸೋಪಿನಿಂದ ತೊಳೆದು ಒಣಗಿಸಿ ಅಂಟಿಸಿ, ತೆಗೆದ ಮೇಲೆ ಪ್ಲಾಸ್ಟಿಕ್ ಹಾಳೆಗೇ ಮರಳಿ ಅಂಟಿಸಿ, ಡಬ್ಬಿಯೊಳಗಿಡಿ. ಒಣಗಿದ ಅಂಟಿಗೆ ಒಂದು ಹನಿ ನೀರು ಸವರಿದರೆ ಇನ್ನೂ ಕೆಲವು ಸಲಕ್ಕೆ ಬರುತ್ತದೆ. ಕೊಳ್ಳುವಾಗಲೇ ಬದಲಿ ಪ್ಯಾಡು ಅದೇ ಅಂಗಡಿಯಲ್ಲಿ ಸಿಗುತ್ತದೆಯೇ, ಪಿನ್ ಯಾವ ಅಳತೆಯದು ಎಂದು ಕೇಳಿ. ಕಪ್ಪು ರಬ್ಬರಿನ ಹಳೆ ಪ್ಯಾಡು, ಜೆಲ್ ಮತ್ತು ಟೇಪು ಬಳಸುವ ನಮೂನೆ ರಗಳೆಯದಾದರೂ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅದೇ ಹೆಚ್ಚು ಬಾಳುತ್ತದೆ.

ಭುಜದ ಬೆಲ್ಟು, ಕೈ ತೂಗುವ ಸ್ಲಿಂಗು ಈ ಕಾಯಿಲೆಗೆ ಬೇಡವೇ ಬೇಡ, ಅಲುಗಾಡದ ಕೀಲು ಇನ್ನಷ್ಟು ಬಿಗಿಯುತ್ತದೆ. ಮಸಾಜ್ ಗನ್ ಪೊರೆಯವರೆಗೆ ಮುಟ್ಟುವುದಿಲ್ಲ, ರಕ್ತ ತೆಳುಮಾಡುವ ಮಾತ್ರೆ ತಿನ್ನುವವರಿಗೆ ಚರ್ಮದಡಿ ರಕ್ತಸ್ರಾವ ಆಗಬಹುದು. ರಬ್ಬರ್ ಪಟ್ಟಿ ಬೇಕಾಗುವುದು ಮೂರನೆಯ ಹಂತದಲ್ಲಿ, ಆಗಲೂ ಹಗುರ ಎಳೆತದ ಹಳದಿ ಅಥವಾ ಕೆಂಪಿನಿಂದ ಶುರು.

ಅಂಗಡಿಯಲ್ಲಿ ಸಿಗದ, ಆದರೆ ಎಲ್ಲಕ್ಕಿಂತ ಹೆಚ್ಚು ನಿದ್ದೆ ಕೊಡುವ ಸಾಮಾನು ಬೂರುಗದ ಹತ್ತಿಯ ದಿಂಬು. ಅಂಗಾತ ಮಲಗುವವರು ತೋಳು–ಮೊಣಕೈಗಳ ಕೆಳಗೆ ಅದನ್ನು ಇಡಬೇಕು, ಮೊಣಕೈ ಹಿಂದಕ್ಕೆ ಬಿದ್ದರೆ ಪೊರೆಯ ಮುಂಭಾಗ ರಾತ್ರಿಯಿಡೀ ಎಳೆದಿರುತ್ತದೆ. ಒಳ್ಳೆಯ ಮಗ್ಗುಲಿಗೆ ಮಲಗುವವರು ದಿಂಬನ್ನು ತಬ್ಬಿ, ನೋವಿನ ಕೈಯನ್ನು ಅದರ ಮೇಲೆ ಇಡಲಿ. ಫೋಮಿನ ದಿಂಬು ಪುಟಿಯುತ್ತದೆ, ಬೂರುಗದ ಹತ್ತಿ ಒತ್ತಿದ ಆಕಾರದಲ್ಲೇ ನಿಲ್ಲುತ್ತದೆ.

ಎಲ್ಲವನ್ನೂ ಒಂದು ಸರಣಿಗೆ ತಂದರೆ: ವೈದ್ಯರು ನೋವಿನ ಮಾತ್ರೆ ಬರೆದಿದ್ದರೆ ಅದನ್ನು ಊಟ ತಿಂಡಿಯ ನಂತರ, ವ್ಯಾಯಾಮಕ್ಕೆ ಅರ್ಧ–ಮುಕ್ಕಾಲು ಗಂಟೆ ಮೊದಲು ತೆಗೆದುಕೊಳ್ಳಿ. ಶಾಖ 15 ನಿಮಿಷ. ಮೇಜಿಗೆ ಒಳ್ಳೆಯ ಕೈ ಊರಿ ಬಾಗಿ, ನೋವಿನ ಕೈ ಇಳಿಬಿಟ್ಟು ಎರಡು ನಿಮಿಷ ತೂಗಾಡಿಸಿ. ಇದೂ ಕಾಡ್‌ಮನ್ ಹೆಸರಿನದೇ ವ್ಯಾಯಾಮ. ಕೈಯನ್ನು ತಿರುಗಿಸುವುದು ಸೊಂಟದ ಓಲಾಟ, ಭುಜದ ಸ್ನಾಯುವಲ್ಲ. ಆಮೇಲೆ ಕೊಡೆ, ಆಮೇಲೆ ಪುಲ್ಲಿ. ಕ್ಲಿನಿಕ್ಕಿನಲ್ಲಿ ಕೈ ಎಳೆಸಿಕೊಂಡ ದಿನ ಮನೆಯಲ್ಲಿ ತೂಗಾಡಿಸುವುದೊಂದೇ ಸಾಕು. ಆ ದಿನ ಸಿಟಿ ಬಸ್ಸಿನಲ್ಲಿ ನಿಂತು ಹೋಗುವುದಾದರೆ ಮೇಲಿನ ಸರಳನ್ನು ಒಳ್ಳೆಯ ಕೈಯಿಂದಲೇ ಹಿಡಿಯಿರಿ. ಬ್ರೇಕಿನ ಒಂದು ಜಗ್ಗು ಒಂದು ವಾರದ ಗಳಿಕೆಯನ್ನು ಕಳೆಯುತ್ತದೆ.

ಭುಜ ಊದಿ ಕೆಂಪಾಗಿ ಜ್ವರ ಬಂದರೆ, ಬಿದ್ದ ಮೇಲೆ ಕೈ ಎತ್ತಲು ಆಗದಿದ್ದರೆ, ಕೈಬೆರಳು ಮರಗಟ್ಟಿ ಹಿಡಿತ ಸಡಿಲವಾದರೆ ಇದಾವುದೂ ಮದ್ದಲ್ಲ, ವೈದ್ಯರ ಬಳಿ ಹೋಗಬೇಕು. ಎಡ ಭುಜದ ನೋವಿನ ಜತೆ ಎದೆ ಬಿಗಿತ, ಬೆವರು ಇದ್ದರೆ ಹಾಟ್ ಬ್ಯಾಗ್ ಹುಡುಕುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ. ಮೂರು ವಾರ ಸರಿಯಾಗಿ ಮಾಡಿಯೂ ರಾತ್ರಿ ನೋವು ತಗ್ಗದಿದ್ದರೆ ಕೀಲಿನೊಳಗಿನ ಸ್ಟಿರಾಯ್ಡ್ ಇಂಜೆಕ್ಷನ್ ಬಗ್ಗೆ ಮೂಳೆ ವೈದ್ಯರಲ್ಲಿ ಕೇಳಬಹುದು. ನೋವಿನ ಹಂತದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ವ್ಯಾಯಾಮಕ್ಕೆ ದಾರಿ ಬಿಡಿಸುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಆಗ ಮನೆಯಲ್ಲೇ ಪರೀಕ್ಷಿಸುತ್ತಾ ಇರಬೇಕು.

ಭುಜ ಸಡಿಲವಾದ ಮೇಲೂ ಪುಲ್ಲಿಯನ್ನು ಗುಜರಿಗೆ ಹಾಕಬೇಡಿ. ಕೆಲವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ, ಮುಂದೆ ಇನ್ನೊಂದು ಭುಜವೂ ಹಿಡಿಯುವುದುಂಟು. ಹಗ್ಗ ಸವೆದಿದ್ದರೆ ಹೊಸ ನೈಲಾನ್ ಹಗ್ಗ ಹಾಕಿ, ಒಣಬಟ್ಟೆಯಲ್ಲಿ ಒರೆಸಿ, ಕಟ್ಟಿ ಇಡಿ.